ಬಿಳಿ ಭಾಗವನ್ನು ನಂಬಬೇಡಿ: ವೇರಿಗೇಟೆಡ್ ನಿಂಬೆ ಗಿಡದ ದೋಷ ಪತ್ತೆ ಮತ್ತು ನಿವಾರಣೆ

ಸಾಮಾನ್ಯ ನಿಂಬೆ ಗಿಡ ತನ್ನ ಕಷ್ಟವನ್ನು ಎಲೆಯ ಮೇಲೆ ಬರೆದು ತೋರಿಸುತ್ತದೆ. ಹಸಿರು ಇರಬೇಕಾದಲ್ಲಿ ಹಳದಿ ಕಂಡರೆ ಏನೋ ಕೊರತೆಯಾಗಿದೆ ಎಂದು ಮಕ್ಕಳಿಗೂ ತಿಳಿಯುತ್ತದೆ. ಎಲೆಯಲ್ಲಿ ಹುಟ್ಟಿನಿಂದಲೇ ಕೆನೆಬಣ್ಣ, ಬೂದುಹಸಿರು, ಕಡುಹಸಿರು ಬೆರೆತಿರುವ ಗಿಡದಲ್ಲಿ ಈ ಬರಹವನ್ನು ಓದುವುದು ಸುಲಭವಲ್ಲ. ನರ್ಸರಿಯವರು ವೇರಿಗೇಟೆಡ್ ಎಂದು ಕರೆಯುವ ನಿಂಬೆ, ಕಿತ್ತಳೆ, ಅದೇ ಕುಲದ ಪುಟ್ಟ ಹಣ್ಣಿನ ಕಮ್‌ಕ್ವಾಟ್, ಕ್ಯಾಲಮಂಡಿನ್ ಗಿಡಗಳೆಲ್ಲ ಆರೋಗ್ಯವಾಗಿದ್ದಾಗಲೂ ಅರ್ಧ ಕಾಯಿಲೆ ಬಿದ್ದಂತೆಯೇ ಕಾಣುತ್ತವೆ. ನಿಜವಾಗಿ ಕಾಯಿಲೆ ಬಿದ್ದಾಗ ಚೆಲುವಾಗಿಯೇ ಕಾಣುತ್ತವೆ.

ನನ್ನ ಮೊದಲ ಗಿಡವನ್ನು ನಾನೇ ಹಾಳು ಮಾಡಿದೆ. ಒಂದು ಸಲ ಬಂದ ಹೊಸ ಚಿಗುರು ಹಿಂದಿನದಕ್ಕಿಂತ ಬಹಳ ಬಿಳಿಚಿಕೊಂಡಿತ್ತು. ಕಬ್ಬಿಣದ ಕೊರತೆ ಎಂದುಕೊಂಡು ಕಬ್ಬಿಣದ ಚೀಲೇಟ್ (ಬೇರಿಗೆ ಎಟುಕುವಂತೆ ಕಬ್ಬಿಣವನ್ನು ಹಿಡಿದಿಡುವ ಗೊಬ್ಬರ) ಕೊಟ್ಟೆ. ಎರಡು ವಾರ ಕಾದರೂ ಹಸಿರಾಗದಿದ್ದಾಗ ಮತ್ತೊಮ್ಮೆ ಕೊಟ್ಟೆ, ಜೊತೆಗೆ ಸಾರಜನಕವನ್ನೂ ಸುರಿದೆ. ಕೊನೆಗೆ ಎಲೆಗಳ ಅಂಚು ಕಂದಾಗಿ ಉದುರಿದವು. ಗಿಡಕ್ಕೆ ಯಾವ ಕೊರತೆಯೂ ಇರಲಿಲ್ಲ. ಬಿಳಿ ಪಾಲು ಹೆಚ್ಚಿದ್ದ ಒಂದು ಮೊಗ್ಗು ಒಡೆದಿತ್ತು, ಅಷ್ಟೇ. ಆ ಮೇಲೆ ನಾನು ಇಟ್ಟುಕೊಂಡ ನಿಯಮ ಒಂದೇ: ರೋಗನಿರ್ಣಯಕ್ಕೆ ಎಲೆಯ ಹಸಿರು ಭಾಗವನ್ನು ಮಾತ್ರ ಓದಬೇಕು, ಬಿಳಿ ಭಾಗದ ಮಾತನ್ನು ನಂಬಬಾರದು. ಈ ಕೈಪಿಡಿಯ ಉಳಿದದ್ದೆಲ್ಲ ಆ ನಿಯಮದ ವಿಸ್ತರಣೆ.

ಸಹಜ ಯಾವುದು ಎಂದು ಮೊದಲು ತಿಳಿಯಿರಿ

ಚಿಗುರಿನ ಬೆಳೆಯುವ ತುದಿಯಲ್ಲಿ ಜೀವಕೋಶಗಳು ಒಂದರೊಳಗೊಂದು ಮೂರು ಪದರಗಳಾಗಿ ಇರುತ್ತವೆ. ಹೊರಪದರದಿಂದ ಎಲೆಯ ಸಿಪ್ಪೆ, ಎರಡನೆಯದರಿಂದ ಎಲೆಯ ಅಂಚು ಮತ್ತು ಸಿಪ್ಪೆಯ ಕೆಳಗಿನ ತಿರುಳು, ಮೂರನೆಯದರಿಂದ ಎಲೆಯ ನಡುಭಾಗದ ಒಳತಿರುಳು ರೂಪುಗೊಳ್ಳುತ್ತವೆ. ಎರಡನೆಯ ಪದರದ ಕೋಶಗಳು ಪತ್ರಹರಿತ್ತನ್ನು ತಯಾರಿಸುವ ಶಕ್ತಿ ಕಳೆದುಕೊಂಡು, ಮೂರನೆಯ ಪದರ ಹಸಿರಾಗಿಯೇ ಉಳಿದರೆ ಕೆನೆಬಣ್ಣದ ಅಂಚಿನ ಎಲೆ ಹುಟ್ಟುತ್ತದೆ. ನಡುವೆ ಕಾಣುವ ಬೂದುಹಸಿರು ಪಟ್ಟಿಯೂ ರೋಗವಲ್ಲ. ಬಿಳಿ ಪದರದ ಅಡಿಯಿಂದ ಇಣುಕುತ್ತಿರುವ ಹಸಿರು ಅದು, ತೆಳುವಾದ ಬಟ್ಟೆಯ ಹಿಂದಿನ ಬಣ್ಣ ಕಂಡ ಹಾಗೆ.

ಎರಡು ಬಗೆಯ ಜೀವಕೋಶಗಳು ಒಂದೇ ಗಿಡದಲ್ಲಿ ಸಂಸಾರ ಮಾಡುವ ಇಂಥ ಸ್ಥಿತಿಗೆ ಸಸ್ಯಶಾಸ್ತ್ರದಲ್ಲಿ ಕಿಮೇರಾ ಎಂಬ ಹೆಸರಿದೆ. ನಿಂಬೆ ಕುಲಕ್ಕೆ ಇದು ಹೊಸದಲ್ಲ. ಇಟಲಿಯ ಫ್ಲಾರೆನ್ಸ್‌ನಲ್ಲಿ 1640ರ ದಶಕದಲ್ಲಿ ಕಾಣಿಸಿಕೊಂಡ ಬಿಜ್ಜಾರಿಯಾ ಎಂಬ ಗಿಡದಲ್ಲಿ ಮಾದಳ ಮತ್ತು ಹುಳಿಕಿತ್ತಳೆಗಳ ಅಂಗಾಂಶಗಳು ಹೆಣೆದುಕೊಂಡು, ಒಂದೇ ಹಣ್ಣಿನಲ್ಲಿ ಎರಡರ ಸಿಪ್ಪೆಯೂ ಕಾಣುತ್ತಿತ್ತು. ಇಂದು ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಗುಲಾಬಿ ತಿರುಳಿನ ಪಟ್ಟೆ ನಿಂಬೆ, ಅಂದರೆ ವೇರಿಗೇಟೆಡ್ ಪಿಂಕ್ ಯುರೇಕಾ, 1930ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಯುರೇಕಾ ಎಂಬ ತಳಿಯ ಸಾಮಾನ್ಯ ನಿಂಬೆ ಮರದ ಒಂದು ಕೊಂಬೆಯಲ್ಲಿ ತಾನಾಗಿ ಹುಟ್ಟಿದ್ದು.

ಈ ಹಿನ್ನೆಲೆ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲಿಗೇ ಕಳೆಯುತ್ತದೆ. ಸಹಜ ಚಿತ್ತಾರಕ್ಕೆ ಕೆಲವು ಗುರುತುಗಳಿವೆ. ಹಸಿರು ಮತ್ತು ಬಿಳಿಯ ಗಡಿ ಕತ್ತರಿಸಿಟ್ಟಂತೆ ಸ್ಪಷ್ಟವಾಗಿರುತ್ತದೆ. ಎಲೆ ಬಿಚ್ಚಿದ ದಿನ ಇದ್ದ ನಕ್ಷೆಯೇ ಅದು ಉದುರುವವರೆಗೂ ಉಳಿಯುತ್ತದೆ, ಬಿಳಿ ಭಾಗ ಹರಡುತ್ತಾ ಹೋಗುವುದಿಲ್ಲ. ಎಡಭಾಗಕ್ಕೂ ಬಲಭಾಗಕ್ಕೂ ಹೋಲಿಕೆ ಇರುವುದಿಲ್ಲ, ಪಕ್ಕದ ಎಲೆಯಲ್ಲಿ ಇನ್ನೊಂದೇ ನಕ್ಷೆ ಇರುತ್ತದೆ. ಬಿಳಿ ಭಾಗ ಹಸಿರು ಭಾಗಕ್ಕಿಂತ ನಿಧಾನವಾಗಿ ಬೆಳೆಯುವುದರಿಂದ ಎಲೆ ಒಂದು ಬದಿಗೆ ತುಸು ಸೊಟ್ಟಗಾಗಿ ಮುದುಡುವುದೂ ಸಹಜವೇ. ನಿಂಬೆಯ ಎಳೆ ಚಿಗುರು ನೇರಳೆ ಛಾಯೆಯಲ್ಲಿ ಬರುವುದು ಅದರ ಜಾತಿಗುಣ. ಅದನ್ನು ಕಂಡು ರಂಜಕದ ಕೊರತೆ ಎಂದುಕೊಂಡವರನ್ನು ನಾನು ನೋಡಿದ್ದೇನೆ.

ಇದು ಪಕ್ಕದ ಗಿಡಕ್ಕೆ ಅಂಟುತ್ತದೆಯೇ ಎಂಬ ಪ್ರಶ್ನೆಯೂ ಬರುತ್ತಿರುತ್ತದೆ. ಕಿಮೇರಾ ಚಿತ್ತಾರ ಯಾರಿಗೂ ಅಂಟುವುದಿಲ್ಲ.

ಹಸಿರು ಕೊಂಬೆ ಎಂಬ ಸಾಕ್ಷಿ

ಚಿತ್ತಾರದ ಗಿಡದಲ್ಲಿ ಆಗಾಗ ಪೂರ್ತಿ ಹಸಿರಾದ ಒಂದು ಚಿಗುರು ಮೇಲೇಳುತ್ತದೆ. ಕಂಡ ಕೂಡಲೇ ಕತ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಕತ್ತರಿಸಬೇಕು ನಿಜ, ಆದರೆ ಗಿಡದಲ್ಲಿ ಬೇರೇನೋ ತೊಂದರೆ ಇದೆ ಎಂಬ ಅನುಮಾನವಿದ್ದರೆ ಮೊದಲು ಆ ಚಿಗುರನ್ನೇ ಸಾಕ್ಷಿಯಾಗಿ ವಿಚಾರಿಸಿಕೊಳ್ಳಿ. ಆ ಚಿಗುರಿಗೆ ನೀರು, ಗೊಬ್ಬರ, ಬೇರು ಎಲ್ಲವೂ ಚಿತ್ತಾರದ ಕೊಂಬೆಗಳ ಜೊತೆ ಹಂಚಿಕೊಂಡದ್ದೇ. ಹುಟ್ಟುಬಿಳುಪು ಎಂಬ ಗೊಂದಲ ಮಾತ್ರ ಅದರಲ್ಲಿಲ್ಲ.

ಹಸಿರು ಚಿಗುರಿನ ಎಲೆಗಳೂ ಹಳದಿಯಾಗುತ್ತಿದ್ದರೆ ದೋಷ ಬೇರಿನಲ್ಲಿದೆ, ಮಣ್ಣಿನಲ್ಲಿದೆ ಅಥವಾ ರೋಗದಲ್ಲಿದೆ. ಅದು ಕಡುಹಸಿರಾಗಿ ಹೊಳೆಯುತ್ತಾ ಚಿತ್ತಾರದ ಎಲೆಗಳು ಮಾತ್ರ ನರಳುತ್ತಿದ್ದರೆ ಬಿಸಿಲು ಅಥವಾ ಸಿಂಪಡಣೆಯ ಸುಡುವಿಕೆಯನ್ನು ಶಂಕಿಸಿ. ಚಿತ್ತಾರದ ಎಲೆಯೂ ಹಸಿರು ಎಲೆಯೂ ನೆಮ್ಮದಿಯಾಗಿದ್ದು, ಹೊಸ ಚಿಗುರು ಮಾತ್ರ ಹಿಂದಿಗಿಂತ ಬಿಳಿಯಾಗಿದ್ದರೆ ದೋಷವೇ ಇಲ್ಲ. ನನ್ನ ಮೊದಲ ಗಿಡದಲ್ಲಿ ಇಂಥ ಒಂದು ಹಸಿರು ಚಿಗುರನ್ನು ಹದಿನೈದು ದಿನ ಮುಂಚೆಯಷ್ಟೇ ಕತ್ತರಿಸಿ ಎಸೆದಿದ್ದೆ ಎಂಬುದು ಈಗಲೂ ಚುಚ್ಚುತ್ತದೆ.

ಹಸಿರು ಚಿಗುರು ಇಲ್ಲದಿದ್ದರೆ, ಎಲೆಯ ಒಳಗಿನ ಅತ್ಯಂತ ಕಡುಹಸಿರು ತುಂಡನ್ನು ಆರಿಸಿಕೊಂಡು ಅಲ್ಲಿ ನರ ಹಾಗೂ ನರಗಳ ನಡುವಿನ ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿ. ತಿಂಗಳಿಗೊಮ್ಮೆ ಅದೇ ಎಲೆಯ ಫೋಟೋ ತೆಗೆದಿಡುವುದು ಇನ್ನೂ ಒಳ್ಳೆಯದು. ಬಣ್ಣ ಬದಲಾಯಿತೋ ಇಲ್ಲವೋ ಎಂಬ ವಾದವನ್ನು ಫೋಟೋ ಬೇಗ ಮುಗಿಸುತ್ತದೆ.

ಹಸಿರು ಭಾಗವೇ ಹಳದಿಯಾಗುತ್ತಿದ್ದರೆ

ಹಳದಿ ಹಳೆಯ ಎಲೆಯಲ್ಲಿದೆಯೋ ಹೊಸ ಎಲೆಯಲ್ಲಿದೆಯೋ ಎಂಬುದನ್ನು ಮೊದಲು ನೋಡಿ. ಸಾರಜನಕ ಮತ್ತು ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಯಿಂದ ಹಿಂತೆಗೆದು ಹೊಸ ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಸಾರಜನಕವಾದರೆ ನರವೂ ಸೇರಿ ಇಡೀ ಎಲೆ ಒಂದೇ ಸಮನೆ ಮಂಕಾಗುತ್ತದೆ. ಮೆಗ್ನೀಸಿಯಂ ಆದರೆ ಹಳದಿ ಅಂಚಿನಿಂದ ಒಳಕ್ಕೆ ಬಂದು, ತೊಟ್ಟಿನ ಬಳಿ ಮಾತ್ರ ಬಾಣದ ಮೊನೆಯಂಥ ಹಸಿರು ಉಳಿಯುತ್ತದೆ. ಕೆನೆ ಅಂಚಿನ ಗಿಡದಲ್ಲಿ ಈ ಎರಡನೆಯದು ಬಹಳ ಮೋಸ ಮಾಡುತ್ತದೆ, ಏಕೆಂದರೆ ಚಿತ್ತಾರವೂ ಅಂಚಿನಲ್ಲೇ ಇರುತ್ತದೆ. ಇಲ್ಲಿ ಗಡಿಯನ್ನು ಗಮನಿಸಿ: ಚಿತ್ತಾರದ ಗಡಿ ಚೂಪು, ಮೆಗ್ನೀಸಿಯಂ ಕೊರತೆಯ ಗಡಿ ಮಸುಕು. ಖಚಿತವಾದರೆ ಮೆಗ್ನೀಸಿಯಂ ಸಲ್ಫೇಟನ್ನು ಲೀಟರ್ ನೀರಿಗೆ 5 ಗ್ರಾಂನಂತೆ ಕರಗಿಸಿ ಸಂಜೆ ಸಿಂಪಡಿಸಬಹುದು.

ಕಬ್ಬಿಣ, ಸತು, ಮ್ಯಾಂಗನೀಸ್ ಅಷ್ಟು ಸುಲಭವಾಗಿ ಓಡಾಡುವುದಿಲ್ಲ. ಅವುಗಳ ಕೊರತೆ ಹೊಸ ಎಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕಬ್ಬಿಣವಾದರೆ ತೆಳು ಹಳದಿ ಹಿನ್ನೆಲೆಯಲ್ಲಿ ಸೂಕ್ಷ್ಮ ನರಗಳೂ ಹಸಿರು ಬಲೆಯಂತೆ ಎದ್ದು ಕಾಣುತ್ತವೆ. ಮ್ಯಾಂಗನೀಸ್ ಆದರೆ ನರಗಳ ಪಕ್ಕ ಅಗಲವಾದ ಕಡುಹಸಿರು ಪಟ್ಟಿ ಇದ್ದು ನಡುಭಾಗ ತೆಳುಹಸಿರಾಗಿರುತ್ತದೆ, ಎಲೆಯ ಗಾತ್ರ ಮಾತ್ರ ಸರಿಯಾಗಿಯೇ ಇರುತ್ತದೆ. ಸತುವಾದರೆ ಎಲೆಯೇ ಸಣ್ಣದಾಗಿ, ಕಿರಿದಾಗಿ, ಗೆಣ್ಣುಗಳು ಹತ್ತಿರಹತ್ತಿರ ಬಂದು ಚಿಗುರು ಗೊಂಚಲಾಗುತ್ತದೆ. ಈ ಕೊರತೆಗಳೆಲ್ಲ ನಡುನರದ ಎರಡೂ ಬದಿಯಲ್ಲಿ ಸಮನಾಗಿ ಕಾಣುವುದೇ ಅವುಗಳ ಮುಖ್ಯ ಗುರುತು. ಈ ಮಾತನ್ನು ಮುಂದೆ ಬರುವ ರೋಗಗಳ ಭಾಗದವರೆಗೂ ನೆನಪಿಟ್ಟುಕೊಳ್ಳಿ.

ಕುಂಡದ ಗಿಡಗಳಲ್ಲಿ ಕಬ್ಬಿಣದ ಕೊರತೆ ಎಂದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದೇನಲ್ಲ. ಬಹಳ ಸಲ ಅದು ಇರುತ್ತದೆ, ಆದರೆ ಬೇರಿಗೆ ಎಟುಕುವುದಿಲ್ಲ. ನಿಂಬೆ ಜಾತಿಗೆ ಒಗ್ಗುವ ಮಣ್ಣಿನ ರಸಸಾರ (ಪಿಎಚ್) 6ರಿಂದ 6.5. ಗಡಸು ನೀರನ್ನೇ ವರ್ಷಗಟ್ಟಲೆ ಹಾಕುತ್ತಿದ್ದರೆ ಅದು ಮೆಲ್ಲಗೆ 7.5 ದಾಟುತ್ತದೆ, ಕಬ್ಬಿಣ ಬೀಗ ಹಾಕಿಕೊಂಡು ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮ ನೀರು ಗಡಸು. ಅಂಥಲ್ಲಿ ಇಡಿಟಿಎ ಎಂಬ ಚೀಲೇಟ್ ರೂಪದ ಕಬ್ಬಿಣ ಹಾಕಿದರೆ ಪ್ರಯೋಜನ ಕಡಿಮೆ, ರಸಸಾರ 6.5 ದಾಟಿದರೆ ಅದು ಹಿಡಿತ ಬಿಡುತ್ತದೆ. ಇಡಿಡಿಎಚ್‌ಎ ಎಂಬ ಇನ್ನೊಂದು ಚೀಲೇಟ್ ರೂಪದ್ದು ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಬರಿದೇ ಕಬ್ಬಿಣ ಎಂದಿದ್ದರೆ ಸಾಲದು, ಯಾವ ಚೀಲೇಟ್ ಎಂದು ಓದಿ. ಮಳೆನೀರು ಸಿಗುವ ಕಾಲದಲ್ಲಿ ಅದನ್ನೇ ಹಾಕುವುದು ಇದಕ್ಕಿಂತ ನೆಮ್ಮದಿಯ ಪರಿಹಾರ.

ಸತುವಿಗೆ ಸಿಂಪಡಣೆಯೇ ಮೇಲು. ಹೊಸ ಎಲೆ ಮೂರರಲ್ಲಿ ಎರಡು ಪಾಲು ಬಿಚ್ಚಿಕೊಂಡಾಗ ಸತುವಿನ ಸಲ್ಫೇಟನ್ನು ಲೀಟರಿಗೆ 2ರಿಂದ 2.5 ಗ್ರಾಂ, ಅದರ ಅರ್ಧದಷ್ಟು ಸುಣ್ಣದ ತಿಳಿಯೊಂದಿಗೆ ಬೆರೆಸಿ ಹೊಡೆಯಿರಿ. ಹಸಿರು ಗಿಡಕ್ಕೆ 5 ಗ್ರಾಂ ಹಾಕುವುದುಂಟು. ಚಿತ್ತಾರದ ಎಲೆಗೆ ನಾನು ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಚಳಿಗಾಲ ಮುಗಿಯುವ ಹೊತ್ತಿಗೆ ಬರುವ ಮೊದಲ ಚಿಗುರಿನಲ್ಲಿ ಈ ಮೂರೂ ಕೊರತೆಗಳ ಕಲಸುಮೇಲೋಗರ ಕಾಣಬಹುದು. ಗಾಳಿ ಬೆಚ್ಚಗಾಗಿದ್ದರೂ ಕುಂಡದ ಮಣ್ಣು ತಣ್ಣಗಿದ್ದು, ಬೇರು ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಮಣ್ಣು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಮೂರು ವಾರ ಕಾಯಿರಿ.

ಅಂಚು ಅಥವಾ ನಡುಭಾಗ ಕಂದಾಗಿ ಸುಟ್ಟಿದ್ದರೆ

ಬಿಳಿ ಭಾಗವನ್ನು ನಂಬಬಾರದು ಎಂದೆ. ಅದು ನಿಜ ಹೇಳುವ ಏಕೈಕ ಸಂದರ್ಭ ಇದು. ಆದರೆ ಮೂರು ಬೇರೆಬೇರೆ ಕಾರಣಗಳಿಗೆ ಬಿಳಿ ಭಾಗ ಒಂದೇ ರೀತಿ ಸುಡುತ್ತದೆ, ಆದ್ದರಿಂದ ಸುಟ್ಟದ್ದು ಎಲ್ಲಿ ಎಂದು ನೋಡಬೇಕು.

ಕಂದು ಕಲೆ ಮಧ್ಯಾಹ್ನದ ಬಿಸಿಲು ಬೀಳುವ ಬದಿಯ ಎಲೆಗಳಲ್ಲಿ ಮಾತ್ರ ಇದ್ದು, ಮೇಲಿನ ಎಲೆಯ ನೆರಳಿನಲ್ಲಿದ್ದ ಭಾಗ ಚೆನ್ನಾಗಿ ಉಳಿದಿದ್ದರೆ ಅದು ಬಿಸಿಲ ಸುಡು. ಕೆಲವೊಮ್ಮೆ ನೆರಳಿನ ಅಚ್ಚು ಎಲೆಯ ಮೇಲೆ ಹಾಗೇ ಮೂಡಿರುತ್ತದೆ. ಕುಂಡವನ್ನು ಬೆಳಗಿನ ಬಿಸಿಲು ನೇರವಾಗಿ, ಮಧ್ಯಾಹ್ನದ್ದು ಸೋಸಿ ಬರುವ ಜಾಗಕ್ಕೆ ಸರಿಸಿ. ಒಳಗಿದ್ದ ಗಿಡವನ್ನು ಹೊರಗೆ ತರುವಾಗ ಹತ್ತು ಹದಿನಾಲ್ಕು ದಿನ ತೆಗೆದುಕೊಂಡು ದಿನಕ್ಕೊಂದಿಷ್ಟು ಬಿಸಿಲು ಹೆಚ್ಚಿಸಿ. ಹಾಗೆಂದು ಕತ್ತಲಲ್ಲಿ ಬಚ್ಚಿಡಬೇಡಿ. ದುಡಿಯುವ ಹಸಿರು ಕಡಿಮೆ ಇರುವ ಗಿಡಕ್ಕೆ ಬೆಳಕು ಇನ್ನೂ ಹೆಚ್ಚು ಬೇಕು, ದಿನಕ್ಕೆ ಆರು ತಾಸಾದರೂ ಸಿಗಬೇಕು.

ಎಲ್ಲ ದಿಕ್ಕಿನ ಎಲೆಗಳಲ್ಲೂ, ಅದರಲ್ಲೂ ಹಳೆಯ ಎಲೆಗಳಲ್ಲಿ, ತುದಿಯಿಂದ ಆರಂಭವಾಗಿ ಅಂಚಿಗುಂಟ ಕಂದು ಹರಡಿದ್ದರೆ ಅದು ಉಪ್ಪು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಅನುಮಾನವೇ ಬೇಡ. ಬೆಳವಣಿಗೆ ನಿಧಾನವಾದ್ದರಿಂದ ಈ ಗಿಡಗಳು ಹಸಿರು ಗಿಡದಷ್ಟು ಗೊಬ್ಬರ ಉಣ್ಣುವುದಿಲ್ಲ. ಪೊಟ್ಟಣದ ಪ್ರಮಾಣವನ್ನು ಹಾಕಿದರೆ ಉಳಿದದ್ದು ಮಣ್ಣಿನಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಸುರಿದು ತಳದಿಂದ ಹರಿಯಲು ಬಿಡಿ. ಆಮೇಲೆ ಒಂದು ತಿಂಗಳು ಗೊಬ್ಬರ ನಿಲ್ಲಿಸಿ, ಮತ್ತೆ ಆರಂಭಿಸುವಾಗ ಅರ್ಧ ಪ್ರಮಾಣಕ್ಕೆ ಇಳಿಯಿರಿ.

ಚುಕ್ಕೆಚುಕ್ಕೆಯಾಗಿ, ಹನಿ ನಿಂತ ಜಾಗದಲ್ಲಿ ಮಾತ್ರ ಸುಟ್ಟಿದ್ದರೆ ನೀವೇ ಹೊಡೆದ ಸಿಂಪಡಣೆಯ ಕೆಲಸ. ಸೋಪಿನ ದ್ರಾವಣವಾಗಲಿ ಎಣ್ಣೆಯಾಗಲಿ, ಮೊದಲು ಒಂದು ಚಿಕ್ಕ ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ. 32 ಡಿಗ್ರಿ ದಾಟಿದ ದಿನ ಎಣ್ಣೆಯ ತಂಟೆಗೆ ಹೋಗಲೇಬೇಡಿ.

ಎಲೆ ಉದುರುತ್ತಿದ್ದರೆ

ಮಣ್ಣು ಒದ್ದೆ ಇದ್ದೂ ಎಲೆ ಜೋತಾಡುತ್ತಿದ್ದರೆ ನೀರಿನ ಕ್ಯಾನನ್ನು ಕೆಳಗಿಡಿ. ಕುಂಡವನ್ನು ಎತ್ತಿ ಭಾರ ನೋಡಿ, ಬೆರಳನ್ನು 5 ಸೆಂಟಿಮೀಟರ್ ಆಳಕ್ಕೆ ಇಳಿಸಿ ನೋಡಿ. ಸಂಶಯ ಬಂದರೆ ಗಿಡವನ್ನು ಹೊರಗೆಳೆದು ಬೇರನ್ನು ಬೆರಳ ನಡುವೆ ಹಿಡಿದು ಎಳೆಯಿರಿ. ಆರೋಗ್ಯವಂತ ಬೇರು ಬಿಗಿಯಾಗಿರುತ್ತದೆ. ಹೊರಸಿಪ್ಪೆ ಅಂಗಿಯ ತೋಳಿನಂತೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಫೈಟಾಫ್ತೊರಾ ಎಂಬ ಬೇರುಕೊಳೆ ರೋಗ ಹಿಡಿದಿದೆ. ಕೊಳೆತದ್ದನ್ನು ಕತ್ತರಿಸಿ, ನೀರು ಬಸಿಯುವ ಒರಟು ಮಿಶ್ರಣದಲ್ಲಿ ಮತ್ತೆ ನೆಡಿ, ಬೇರು ಕಳೆದುಕೊಂಡಷ್ಟು ಪ್ರಮಾಣದಲ್ಲಿ ಮೇಲಿನ ಕೊಂಬೆಗಳನ್ನೂ ಇಳಿಸಿ. ದೊಡ್ಡ ಕುಂಡಕ್ಕೆ ಬಡ್ತಿ ಕೊಡಬೇಡಿ, ಬೇರಿಲ್ಲದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಪಕ್ಕದ ಹಸಿರು ನಿಂಬೆಗೆ ಹಾಕುವ ಅಳತೆಯಲ್ಲೇ ಇದಕ್ಕೂ ನೀರು ಹಾಕುವುದು ಈ ಕಾಯಿಲೆಗೆ ಸಾಮಾನ್ಯ ದಾರಿ.

ಚಳಿಯಲ್ಲಿ, ಕಿಟಕಿಯ ಬಳಿ ಬಿಸಿಲು ಕಾಯುತ್ತಾ ನಿಂತ ಗಿಡ ಹಸಿರೆಲೆಗಳನ್ನೇ ರಾಶಿ ಉದುರಿಸಿದರೆ ಕಾರಣ ಬೇರೆ. ಎಲೆ ಬೆಚ್ಚಗಿದ್ದು ನೀರು ಕೇಳುತ್ತದೆ, ತಣ್ಣನೆಯ ಬೇರು ಕೊಡಲಾರದು. ಕುಂಡವನ್ನು ನೆಲದಿಂದ ಮೇಲೆತ್ತಿ ಹಲಗೆಯ ಮೇಲಿಡಿ.

ಚಿತ್ತಾರ ಮಾಯವಾಗುತ್ತಿದ್ದರೆ

ಹೆಚ್ಚಿನವರು ತಡವಾಗಿ ಗಮನಿಸುವ ದೋಷ ಇದು, ಏಕೆಂದರೆ ಗಿಡ ಆಗ ಹಿಂದೆಂದಿಗಿಂತ ಚೆನ್ನಾಗಿ ಬೆಳೆಯುತ್ತಿರುತ್ತದೆ. ನೋಡಬೇಕಾದ ಮೊದಲ ಜಾಗ ಬುಡ. ಹೊಸ ಚಿಗುರು ಕಸಿಯ ಗಂಟಿನ ಕೆಳಗಿನಿಂದ ಬಂದಿದೆಯೇ? ಹಾಗಿದ್ದರೆ ಅದು ನಿಮ್ಮ ಗಿಡವೇ ಅಲ್ಲ, ಬೇರುಗಿಡದ (ಕಸಿ ಕಟ್ಟಲು ಬೇರು ಕೊಟ್ಟ ಗಿಡದ) ಚಿಗುರು. ಎಲೆ ಮೂರು ದಳಗಳಾಗಿದ್ದರೆ ಟ್ರೈಫೋಲಿಯೇಟ್ ಬೇರುಗಿಡ ಎಂದು ದೂರದಿಂದಲೇ ಹೇಳಬಹುದು. ಜಂಬೇರಿಯಂಥ ಬೇರುಗಿಡಗಳಿಗೆ ಒಂಟಿ ಎಲೆಯೇ ಇರುವುದರಿಂದ ಎಲೆ ನೋಡಿ ತೀರ್ಮಾನಿಸಲಾಗದು, ಮಣ್ಣು ಸರಿಸಿ ಹುಟ್ಟಿದ ಜಾಗವನ್ನೇ ನೋಡಬೇಕು. ಎಳೆಯದಿದ್ದಾಗಲೇ ಬುಡಸಮೇತ ಮುರಿದು ಕೀಳಿ. ಕತ್ತರಿಸಿದರೆ ಉಳಿದ ತುಂಡಿನ ಕಂಕುಳಲ್ಲಿ ಮತ್ತೆ ನಾಲ್ಕು ಏಳುತ್ತವೆ.

ಗಂಟಿನ ಮೇಲಿನಿಂದ ಬಂದ ಹಸಿರು ಚಿಗುರಿನ ಕಥೆಯೇ ಬೇರೆ. ಬೆಳೆಯುವ ತುದಿಯಲ್ಲಿ ಪದರಗಳ ಕೋಶಗಳು ಸ್ಥಾನ ಬದಲಿಸಿ, ಹಸಿರು ಕೋಶ ಬಿಳಿಯ ಜಾಗಕ್ಕೆ ಬಂದಿದೆ. ಇದಕ್ಕೆ ಯಾವ ಔಷಧಿಯೂ ಇಲ್ಲ, ಯಾರ ತಪ್ಪೂ ಇಲ್ಲ. ಆದರೆ ಪೂರ್ತಿ ಪತ್ರಹರಿತ್ತು ಇರುವ ಆ ಚಿಗುರು ಚಿತ್ತಾರದ ಕೊಂಬೆಗಿಂತ ವೇಗವಾಗಿ ಬೆಳೆದು ಬೆಳಕನ್ನೂ ನೀರನ್ನೂ ಕಬಳಿಸುತ್ತದೆ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ನಿಮ್ಮ ಕೈಯಲ್ಲಿ ಸಾಧಾರಣ ಹಸಿರು ಮರ ಉಳಿಯುತ್ತದೆ. ಸಾರಜನಕ ವಿಪರೀತ ಹಾಕಿದಾಗ ಈ ದಾಂಡಿಗ ಚಿಗುರುಗಳೇ ಮೊದಲು ಲಾಭ ಹೊಡೆಯುವುದು.

ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ತೊಗಟೆಯನ್ನು ಕೇಳಿ. ಚಿತ್ತಾರದ ಕೊಂಬೆಯ ಎಳೆ ತೊಗಟೆಯ ಮೇಲೂ ಹಸಿರು ಮತ್ತು ಕೆನೆಬಣ್ಣದ ಗೀರುಗಳು ಉದ್ದಕ್ಕೂ ಓಡಿರುತ್ತವೆ. ಹಸಿರು ಎಲೆಗಳಿಂದ ಕೆಳಕ್ಕೆ ಇಳಿಯುತ್ತಾ ಬನ್ನಿ. ಗೀರು ಮತ್ತೆ ಕಾಣಿಸಿದ ಜಾಗದಲ್ಲಿ, ಎರಡೂ ಬಣ್ಣ ಸೇರುವ ಗೆರೆಯ ಮೇಲೆ ಕೂತಿರುವ ಮೊಗ್ಗನ್ನು ಹುಡುಕಿ, ಅದರ ಮೇಲಕ್ಕೆ ಕತ್ತರಿ ಹಾಕಿ. ಪೂರ್ತಿ ಹಸಿರು ತೊಗಟೆಯ ಮೊಗ್ಗಿನಿಂದ ಹಸಿರೇ ಬರುತ್ತದೆ, ಪೂರ್ತಿ ಬಿಳಿಯದರಿಂದ ಬಿಳಿಯೇ. ಗೀರು ಎಲ್ಲೂ ಸಿಗದಿದ್ದರೆ ಕೊಂಬೆ ಹುಟ್ಟಿದ ಕೊರಳಿನವರೆಗೂ ಇಳಿದು ತೆಗೆಯಬೇಕು. ಅರ್ಧಕ್ಕೆ ಕತ್ತರಿಸಿ ಸಮಾಧಾನಪಟ್ಟರೆ ಒಂದು ಹಸಿರು ಕೊಂಬೆಯ ಜಾಗದಲ್ಲಿ ಮೂರು ಬರುತ್ತವೆ.

ಪೂರ್ತಿ ಬಿಳಿ ಚಿಗುರುಗಳು ನೋಡಲು ಬಹಳ ಚೆಂದ. ಫೋಟೋ ತೆಗೆದುಕೊಂಡು ಅವನ್ನೂ ತೆಗೆಯಿರಿ. ಅವು ತಮ್ಮ ಅನ್ನವನ್ನು ತಾವು ದುಡಿಯಲಾರವು, ಮೊದಲ ಬಿರುಬಿಸಿಲಿಗೆ ಸುಡುತ್ತವೆ.

ಒಂದು ವಿನಾಯಿತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಗಿಡ ಬಹುಪಾಲು ಬಿಳಿಯಾಗಿ, ಬೇರು ಕೆಟ್ಟು ಸೊರಗಿದ್ದರೆ, ಒಂದು ಹಸಿರು ಕೊಂಬೆಯನ್ನು ತುದಿ ಚಿವುಟುತ್ತಾ ಒಂದು ಋತುವಿನ ಮಟ್ಟಿಗೆ ಉಳಿಸಿಕೊಳ್ಳುತ್ತೇನೆ. ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದಾಗ ದುಡಿಯುವ ಒಬ್ಬನನ್ನು ಹೊರಗೆ ಹಾಕುವುದು ಜಾಣತನವಲ್ಲ. ಗಿಡ ಚೇತರಿಸಿಕೊಂಡ ಮೇಲೆ ಆ ಕೊಂಬೆಗೆ ವಿದಾಯ. ಇದನ್ನು ಒಪ್ಪದವರೂ ಇದ್ದಾರೆ.

ಬಿಳಿಯ ಮರೆಯಲ್ಲಿ ಅಡಗಿದ ಕೀಟಗಳು

ಹಸಿರು ಎಲೆಯ ಮೇಲೆ ಹಿಟ್ಟು ತಿಗಣೆ ಹತ್ತಡಿ ದೂರದಿಂದ ಕಾಣುತ್ತದೆ. ಕೆನೆಬಣ್ಣದ ಎಲೆಯ ಮೇಲೆ ಮೂಗಿನ ತುದಿಗೆ ಹಿಡಿದರೂ ಕಾಣುವುದಿಲ್ಲ. ಕಣ್ಣಿಗಿಂತ ಬೆರಳನ್ನು ನಂಬಿ: ಎಲೆಯ ಕೆಳಮೈಯನ್ನು, ಕಂಕುಳನ್ನು ಸವರಿದಾಗ ಅಂಟಿದರೆ ಯಾರೋ ರಸ ಹೀರುತ್ತಿದ್ದಾರೆ. ಇರುವೆಗಳು ಸಾಲುಗಟ್ಟಿದ್ದರೆ ಅದೂ ಅದೇ ಸುದ್ದಿ. ಮೈಟ್ ನುಸಿ ಎಲೆಯಲ್ಲಿ ಮಾಡುವ ಸಣ್ಣ ಬಿಳಿಚುಕ್ಕೆಗಳೂ ಚಿತ್ತಾರದಲ್ಲಿ ಕರಗಿಹೋಗುತ್ತವೆ. ಬಿಳಿ ಕಾಗದದ ಮೇಲೆ ಕೊಂಬೆಯನ್ನು ತಟ್ಟಿ, ಉದುರಿದ ಧೂಳು ನಡೆಯುತ್ತಿದೆಯೇ ನೋಡಿ. ರಂಗೋಲಿ ಹುಳುವಿನ ಬೆಳ್ಳಿ ಗೆರೆಗಳು ಎಳೆ ಎಲೆಯಲ್ಲಿ ಸುತ್ತಿಬಳಸಿ ಓಡುತ್ತವೆ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಿನುಗುತ್ತವೆ. ಬಲಿತ ಗಿಡಕ್ಕೆ ಅದರಿಂದ ಅಂಥ ನಷ್ಟವಿಲ್ಲ. ಹಕ್ಕಿಯ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳುವನ್ನು ಕೈಯಿಂದಲೇ ತೆಗೆದರಾಯಿತು.

ಹಗುರವಾಗಿ ತೆಗೆದುಕೊಳ್ಳಬಾರದ ಹಳದಿ

ಕೊರತೆಗಳು ಎರಡೂ ಬದಿ ಸಮನಾಗಿರುತ್ತವೆ ಎಂದು ಹೇಳಿದ್ದೆ. ಹ್ವಾಂಗ್‌ಲಾಂಗ್‌ಬಿಂಗ್ ಅಥವಾ ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗದ ಹಳದಿ ಹಾಗಲ್ಲ. ಅದು ನರಗಳ ಎಲ್ಲೆ ದಾಟಿ, ಎಡ ಬಲಗಳ ಹೋಲಿಕೆ ಇಲ್ಲದೆ, ತೇಪೆತೇಪೆಯಾಗಿ ಬರುತ್ತದೆ. ಅಂದರೆ ಚಿತ್ತಾರ ಬರುವ ಹಾಗೆಯೇ. ವೇರಿಗೇಟೆಡ್ ಗಿಡದಲ್ಲಿ ಈ ರೋಗವನ್ನು ಮೊದಲ ಹಂತದಲ್ಲಿ ಹಿಡಿಯುವುದು ಬಹಳ ಕಷ್ಟ. ಇಲ್ಲಿ ಹಸಿರು ಕೊಂಬೆಯ ಸಾಕ್ಷ್ಯಕ್ಕೆ ಬೆಲೆ ಕಟ್ಟಲಾಗದು. ಅದರ ಒಂದು ಎಲೆಯಲ್ಲಿ ನಡುನರದ ಎರಡೂ ಬದಿ ಸರಿಸಮ ಜಾಗದಲ್ಲಿ ಪೆನ್ನಿನಿಂದ ಎರಡು ವೃತ್ತ ಬರೆದು ಒಳಗಿನ ಬಣ್ಣ ಹೋಲಿಸಿ. ಬೇರೆಬೇರೆಯಾಗಿದ್ದು, ಗಡಿ ಮಸುಕಾಗಿದ್ದರೆ ಮುಂದಿನ ಗುರುತುಗಳಿಗೆ ಹೋಗಿ: ನಡುನರ ಉಬ್ಬಿ ಬೆಂಡಿನಂತೆ ಒರಟಾಗಿದೆಯೇ, ಹಣ್ಣು ಸೊಟ್ಟಗಿದೆಯೇ, ತೊಟ್ಟಿನ ಕಡೆ ಬಣ್ಣ ಬಂದು ತಳ ಹಸಿರಾಗಿಯೇ ಉಳಿದಿದೆಯೇ, ಸೀಳಿದರೆ ಬೀಜ ಕಪ್ಪಾಗಿ ಜಳ್ಳಾಗಿದೆಯೇ.

ರೋಗ ಹರಡುವ ಸಿಲ್ಲಿಡ್ ಕೀಟ 3ರಿಂದ 4 ಮಿಲಿಮೀಟರ್ ಉದ್ದವಿದ್ದು, ತಲೆ ತಗ್ಗಿಸಿ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ. ಮರಿಗಳು ಎಳೆ ಚಿಗುರಿನ ಮೇಲೆ ಮೇಣದ ಬಿಳಿ ಎಳೆಗಳನ್ನು ಸುರುಳಿಯಾಗಿ ಹೊರಬಿಡುತ್ತವೆ. ಬ್ರೆಜಿಲ್‌ನಲ್ಲಿ 2004ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ತೋಟಗಳನ್ನು ನೆಲಕಚ್ಚಿಸಿತು. ರೋಗ ಬಂದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಕಣ್ಣಂದಾಜಿನಲ್ಲಿ ಗಿಡ ಕಡಿಯಬೇಡಿ, ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಖಚಿತವಾದರೆ ಕೀಟಗಳು ಹಾರಿಹೋಗದಂತೆ ಮೊದಲು ಅವನ್ನು ಕೊಂದು, ಆಮೇಲೆ ಗಿಡ ತೆಗೆಯಿರಿ. ಅದರಿಂದ ಕಸಿಕಣ್ಣು ಯಾರಿಗೂ ಕೊಡಬೇಡಿ.

ಹೆಸರಿನ ಗೊಂದಲ ಇನ್ನೊಂದಿದೆ. ಸಿಟ್ರಸ್ ವೇರಿಗೇಟೆಡ್ ಕ್ಲೋರೋಸಿಸ್ ಎಂಬುದು 1987ರಲ್ಲಿ ಬ್ರೆಜಿಲ್‌ನಲ್ಲಿ ಗುರುತಿಸಿದ ಬೇರೆಯೇ ಬ್ಯಾಕ್ಟೀರಿಯಾ ರೋಗ. ಎಲೆಯ ಮೇಲೆ ಹಳದಿ ಮಚ್ಚೆ, ಅದೇ ಜಾಗದ ಕೆಳಮೈಯಲ್ಲಿ ಕಂದು ಅಂಟುಕಲೆ, ಗೋಲಿಯಂತೆ ಸಣ್ಣದಾಗಿ ಗಟ್ಟಿಯಾದ ಹಣ್ಣು ಅದರ ಲಕ್ಷಣ. ನಿಮ್ಮ ಚಿತ್ತಾರದ ಗಿಡಕ್ಕೂ ಇದಕ್ಕೂ ಹೆಸರಿನ ನಂಟು ಮಾತ್ರ. ನಿಂಬೆಯ ಎಲೆ ಸುಕ್ಕುಗಟ್ಟುವಂತೆ ಮಾಡುವ ಒಂದು ವೈರಸ್ಸೂ ಇದೆ. ಸುಕ್ಕು ಹಸಿರು ಮತ್ತು ಬಿಳಿಯ ಗಡಿಯಲ್ಲಿ ಮಾತ್ರವಿದ್ದರೆ ಬಿಡಿ, ಪೂರ್ತಿ ಹಸಿರು ಎಲೆಯೂ ಗುಳಿಗುಳಿಯಾಗಿದ್ದರೆ ಆ ಗಿಡವನ್ನು ಪ್ರತ್ಯೇಕಿಸಿ, ಅದಕ್ಕೆ ಬಳಸಿದ ಕತ್ತರಿಯನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ.

ಹಣ್ಣಿನ ಬಗ್ಗೆ ಬರುವ ದೂರುಗಳು

ಪಟ್ಟೆ ಮಾಯವಾಯಿತು ಎಂಬುದು ಮೊದಲನೆಯದು. ಕಾಯಿ ಎಳೆಯದಿದ್ದಾಗ ಹಸಿರು ಮತ್ತು ಕೆನೆಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ಹಣ್ಣಾಗುವಾಗ ಹಸಿರು ಕರಗಿ ಎಲ್ಲ ಹಳದಿಯಾಗುವುದರಿಂದ ಪಟ್ಟೆಯೂ ಮಾಸುತ್ತದೆ. ಎಳೆಗಾಯಿಗೇ ಪಟ್ಟೆ ಇಲ್ಲದಿದ್ದರೆ ತೊಟ್ಟು ಹಿಡಿದು ಹಿಂದಕ್ಕೆ ಹೋಗಿ, ಅದು ಹಸಿರು ಕೊಂಬೆಯ ಕೂಸು.

ಒಳಗೆ ಗುಲಾಬಿ ಬಣ್ಣ ಬರಲಿಲ್ಲ ಎಂಬುದು ಎರಡನೆಯದು. ಆ ಬಣ್ಣ ಟೊಮೆಟೊದಲ್ಲೂ ಇರುವ ಲೈಕೋಪೀನ್ ಎಂಬ ವರ್ಣದ್ರವ್ಯದ್ದು, ಕಾಯಿ ಬಲಿತಂತೆ ಗಾಢವಾಗುತ್ತದೆ. ಬೇಗ ಕಿತ್ತಿದ್ದೀರಿ. ರಸ ಹಿಂಡಿದರೆ ಹೇಗೂ ಗುಲಾಬಿ ಬರುವುದಿಲ್ಲ, ಬಣ್ಣ ತಿರುಳಿನಲ್ಲೇ ಉಳಿಯುತ್ತದೆ. ಹೀಚು ಉದುರುವುದಂತೂ ದೂರೇ ಅಲ್ಲ, ನೂರು ಹೂವಿಗೆ ಒಂದೆರಡು ನಿಂತರೆ ನಿಂಬೆ ಕುಲದಲ್ಲಿ ಅದು ಒಳ್ಳೆಯ ಲೆಕ್ಕ. ಹಣ್ಣು ಬಿರಿಯುತ್ತಿದ್ದರೆ ಒಣಗಲು ಬಿಟ್ಟು ಒಮ್ಮೆಲೇ ನೀರು ಸುರಿಯುವ ಅಭ್ಯಾಸ ಬಿಡಿ.

ಬೀಜ ಬಿತ್ತಿದೆ, ಚಿತ್ತಾರ ಬರಲಿಲ್ಲ ಎಂಬುದು ಕೊನೆಯದು. ಬೀಜದೊಳಗಿನ ಭ್ರೂಣ ಎರಡನೆಯ ಪದರ ಒಂದರಿಂದಲೇ ಹುಟ್ಟುತ್ತದೆ. ಚಿತ್ತಾರಕ್ಕೆ ಎರಡು ಬಗೆಯ ಪದರಗಳು ಒಟ್ಟಿಗೆ ಬೇಕು. ಹಾಗಾಗಿ ಸಸಿ ಪೂರ್ತಿ ಹಸಿರಾಗಿರುತ್ತದೆ, ಇಲ್ಲವೇ ಪೂರ್ತಿ ಬಿಳಿ. ಬಿಳಿಯದು ಬೀಜದ ಬುತ್ತಿ ಮುಗಿದ ಕೆಲವು ವಾರಗಳಲ್ಲಿ ಸಾಯುತ್ತದೆ. ಹೊಸ ಗಿಡ ಬೇಕಿದ್ದರೆ ತೊಗಟೆಯಲ್ಲಿ ಗೀರು ಚೆನ್ನಾಗಿರುವ ಕೊಂಬೆಯಿಂದ ಕಣ್ಣುಕಸಿ (ಮೊಗ್ಗನ್ನು ಬೇರುಗಿಡಕ್ಕೆ ಕೂರಿಸುವುದು) ಅಥವಾ ಗೂಟಿ (ಗಿಡದ ಮೇಲೇ ಕೊಂಬೆಗೆ ಬೇರು ಬರಿಸುವುದು) ಮಾಡಿ. ಕಣ್ಣನ್ನು ಆರಿಸುವಾಗ ಅದು ಎರಡು ಬಣ್ಣಗಳ ಗೆರೆಯ ಮೇಲೆ ಕೂತಿರಲಿ.